ಒಂದು ‘ದ’ ಮಾಡಿದ ಅನಾಹುತ

ನಲವತ್ತಾರನೆಯ ವಯಸ್ಸಿಗೆ ನಾನು ಇಂಗ್ಲಿಷ್ ಕಲಿಯಲು ಹೊರಟಿದ್ದು ಜ್ಞಾನದ ಹಸಿವಿನಿಂದೇನಲ್ಲ. ಸದಾಶಿವಗಡದ ಗೆಸ್ಟ್‌ಹೌಸಿನಲ್ಲಿ ಒಬ್ಬ ಅತಿಥಿ ಟವೆಲ್ ಕೇಳಿದಾಗ ನಾನು ಟೇಬಲ್ ಹೊತ್ತುಕೊಂಡು ಹೋಗಿದ್ದೆ. ಆತ ಬಚ್ಚಲಿನ ಬಾಗಿಲ ಸಂದಿಯಿಂದ ಒದ್ದೆ ಕೈ ಚಾಚಿಕೊಂಡು ನಿಂತಿದ್ದ. ನಾನು ಆ ಕೈಗೆ ಮೇಜಿನ ಕಾಲು ಕೊಟ್ಟೆ.

ಆರು ಕೋಣೆಗಳ ಆ ಗೆಸ್ಟ್‌ಹೌಸಿನಲ್ಲಿ ಹಾಸಿಗೆ ಹಾಸುವುದು, ಅಡುಗೆ ಮಾಡುವುದು, ಬಂದವರಿಗೆ ಕೀಲಿಕೈ ಕೊಡುವುದು ಎಲ್ಲವೂ ನನ್ನದೇ. ಗೋವೆಗೆ ಹೋಗುವವರು, ಗೋವೆಯಿಂದ ಬರುವವರು ಒಂದೆರಡು ದಿನ ತಂಗುತ್ತಾರೆ. ಮೇಜಿನ ಪ್ರಕರಣ ಮಾಲೀಕರ ಕಿವಿಗೆ ಬಿತ್ತು. ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೇ ವಾಸಿಯಿತ್ತು. ‘ಬಾಯೀ, ಸಾಯಂಕಾಲ ಎಲ್ಲಾದ್ರೂ ಸ್ವಲ್ಪ ಇಂಗ್ಲಿಷ್ ಕಲ್ತ್ಕಳಿ. ಮುಂದಿನವ ಸೋಪು ಕೇಳಿದ್ರೆ ಸೋಫಾ ಹೊರೂದು ನಿಮ್ಮ ಸೊಂಟಕ್ಕೇ ಕಷ್ಟ,’ ಎಂದರು.

ನನ್ನ ಮನೆ ಬೊಬ್ರುವಾಡದಲ್ಲಿ. ಬೆಳಿಗ್ಗೆ ಅಂಕೋಲೆಯಿಂದ ಕಾರವಾರದ ಬಸ್ಸು, ಅಲ್ಲಿಂದ ಕಾಳಿ ಸೇತುವೆ ದಾಟುವ ಇನ್ನೊಂದು ಬಸ್ಸು. ಸಂಜೆ ಅದೇ ದಾರಿ ಹಿಂದಕ್ಕೆ. ಅಂಕೋಲೆಯ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುವ ದಾರಿಯಲ್ಲೇ ಒಬ್ಬರು ನಿವೃತ್ತ ಮಾಸ್ತರರ ಮನೆ. ಸಾಲೆಯಲ್ಲೂ ಮನೆಯ ಜಗಲಿಯಲ್ಲೂ ಸುತ್ತಲಿನ ಮೂರು ತಲೆಮಾರಿಗೆ ಇಂಗ್ಲಿಷ್ ವ್ಯಾಕರಣ ಕಲಿಸಿದವರು. ಒಂದು ಕಾಲದಲ್ಲಿ ನನಗೂ ಕಲಿಸಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಂಗ್ಲಿಷಿನಲ್ಲಿ ಅಂಚಿನಲ್ಲಿ ಪಾಸಾಗಿದ್ದು ಅವರಿಗೆ ಇನ್ನೂ ನೆನಪಿತ್ತು. ‘ನಿನ್ನ ಪೇಪರು ತಿದ್ದಿದವನಿಗೆ ಕಣ್ಣು ಸರಿ ಇರ್ಲಿಲ್ಲ ಕಾಣ್ತದೆ,’ ಎಂದೇ ಒಳಗೆ ಕರೆದರು.

ಹೀಗೆ ವಾರಕ್ಕೆ ನಾಲ್ಕು ಸಂಜೆ ಅವರ ಜಗಲಿಯಲ್ಲಿ ನನ್ನ ಪಾಠ ಸುರುವಾಯಿತು. ಮಾಸ್ತರರ ಪದ್ಧತಿ ಬಹಳ ಕಟ್ಟುನಿಟ್ಟು. ಮೊದಲು ಕ್ರಿಯಾಪದದ ಮೂರು ರೂಪ, ಆಮೇಲೆ ಕಾಲಗಳು, ಆಮೇಲೆ ಎ, ಆ್ಯನ್, ದ. ಮಾತಾಡುವುದು ಎಲ್ಲಕ್ಕಿಂತ ಕೊನೆಗೆ. ‘ಸರ್, ನಂಗೆ ಟವೆಲ್ಲು, ಬಿಸಿನೀರು, ಮೀನು ಇಷ್ಟ್ ಗೊತ್ತಾದ್ರೆ ಸಾಕಾಗಿತ್ತು,’ ಎಂದರೆ, ‘ಅಡಿಪಾಯ ಇಲ್ದೇ ಮಾಡು ಹಾಕೂಕೆ ಆಗ್ತದ್ಯಾ?’ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ನಾನು ಹಾಸಿಗೆಯ ಚಾದರ ಕೊಡವುತ್ತ ಗೋ-ವೆಂಟ್-ಗಾನ್ ಎಂದು ಹೇಳಿಕೊಳ್ಳುತ್ತಿದ್ದೆ. ದಿಂಬಿನ ಚೀಲ ಬದಲಿಸುವಾಗ ಟೇಕ್-ಟುಕ್-ಟೇಕನ್. ನನಗೆ ಬಹಳ ಇಷ್ಟವಾಗಿದ್ದು ಪುಟ್-ಪುಟ್-ಪುಟ್. ನಿನ್ನೆ, ಇವತ್ತು, ಎಂದೆಂದಿಗೂ ಒಂದೇ. ಥೇಟು ನನ್ನ ಗಂಡ. ಗೋಡಂಬಿ ಕಾರ್ಖಾನೆಯಿಂದ ಬಂದು ಅಂಗಿ ಬಿಚ್ಚಿ ಅದೇ ಮೊಳೆಗೆ ನೇತುಹಾಕಿ ಅದೇ ಪ್ರಶ್ನೆ ಕೇಳುತ್ತಾನೆ: ‘ಇವತ್ತು ಎಂತಾ ಸಾರು?’

‘ದ’ ಮಾತ್ರ ನನ್ನನ್ನು ಗೋಳು ಹೊಯ್ದುಕೊಂಡಿತು. ನಮ್ಮ ಭಾಷೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಸಮುದ್ರ ಎಂದರೆ ಸಮುದ್ರ. ಮಾಸ್ತರರು ನೂರು ಸಲ ಹೇಳಿದರು: ‘ಯಾವ್ದೋ ಒಂದು ಆದ್ರೆ ಎ. ಇಬ್ಬರಿಗೂ ಗೊತ್ತಿರೂ ವಸ್ತು ಆದ್ರೆ ದ. ಯಾವ್ದೋ ನಾಯಿ ಬಂತು, ಎ ಡಾಗ್. ನಿಮ್ಮನೆ ನಾಯಿ ಬಂತು, ದ ಡಾಗ್. ತಿಳೀತಾ?’ ತಿಳಿಯಿತು ಎಂದೆ. ಆ ತಿಳಿವಳಿಕೆಯೇ ಮುಂದೆ ಒಬ್ಬಳ ಪ್ರಾಣ ತೆಗೆಯಿತು.

ಚಳಿಗಾಲದ ಕೊನೆಗೆ ಇಂಗ್ಲೆಂಡಿನಿಂದ ಒಬ್ಬ ಮುದುಕಿ ಬಂದಿದ್ದಳು. ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ಕಾಳಿ ನದಿ ಸಮುದ್ರ ಸೇರುವಲ್ಲಿ ಹಕ್ಕಿ ನೋಡಲೆಂದು ಹತ್ತು ದಿನ ಉಳಿದಳು. ಹಕ್ಕಿಗಳಷ್ಟೇ ಅಕ್ಕರೆ ಅವಳಿಗೆ ನಮ್ಮ ಮೀನಿನ ಮೇಲೆ. ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಮೀನು ತರುವ ಅಕ್ಕನ ಪರಿಚಯವೂ ಆಗಿತ್ತು. ಆ ಅಕ್ಕ ಕೊಂಕಣಿ, ಕನ್ನಡ ಎರಡನ್ನೂ ಒಂದೇ ಬಾಣಲೆಗೆ ಹಾಕಿ ಹುರಿದು ಮಾತಾಡುವವಳು. ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೀನು ತರುತ್ತಿದ್ದಳು. ಮುದುಕಿ ಬಗ್ಗಿ ಬಕೆಟ್ಟು ನೋಡುವುದು, ಅಕ್ಕ ಒಂದು ಬಾಂಗಡೆಯನ್ನು ಬಾಲ ಹಿಡಿದು ಎತ್ತಿ ತೋರಿಸುವುದು, ಇಬ್ಬರೂ ನಗುವುದು. ವ್ಯಾಕರಣದ ಗೊಡವೆಯೇ ಇಲ್ಲದ ಸ್ನೇಹ.

ಒಂದು ಭಾನುವಾರ ಮುದುಕಿ ಹಕ್ಕಿ ನೋಡಲು ಹೋದಾಗ ಅಕ್ಕ ಬಂದಳು. ಬಕೆಟ್ಟು ಮೆಟ್ಟಿಲ ಮೇಲಿಟ್ಟು ನನ್ನನ್ನು ಕೂಗುವಷ್ಟರಲ್ಲಿ ಬೆಕ್ಕೊಂದು ನುಗ್ಗಿತು. ಅದನ್ನು ಓಡಿಸಲು ಅಕ್ಕ ಕಾಲು ಬೀಸಿದಳು. ಬೆಕ್ಕು ತಪ್ಪಿಸಿಕೊಂಡಿತು, ಒದೆ ಬಕೆಟ್ಟಿಗೆ ಬಿತ್ತು. ಮೀನೆಲ್ಲ ಪಾತ್ರೆ ತೊಳೆಯುವ ಕೊಚ್ಚೆಗೆ. ನಾನು, ಮಾಲೀಕರು, ನೀರಿನ ಪಂಪು ರಿಪೇರಿಗೆ ಬಂದವನು, ಎಲ್ಲರೂ ನಕ್ಕೆವು. ಅಕ್ಕ ಬೆಕ್ಕಿನ ವಂಶವನ್ನೆಲ್ಲ ಬೈದು ಖಾಲಿ ಬಕೆಟ್ಟು ಹಿಡಿದು ಮನೆಗೆ ಹೋದಳು.

ಮಧ್ಯಾಹ್ನ ಮುದುಕಿ ಊಟಕ್ಕೆ ಕೂತು, ಇವತ್ತು ಮೀನಿಲ್ಲವೇ ಎಂದು ಕೇಳಿದಳು.

ನನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ಇಡೀ ಇಂಗ್ಲಿಷ್ ವಾಕ್ಯ ಹೇಳುವ ಅವಕಾಶ. ಅವಸರ ಮಾಡಲಿಲ್ಲ. ಕರ್ತೃ: ಫಿಶ್ ಲೇಡಿ. ಕ್ರಿಯಾಪದ: ಕಿಕ್. ಆದದ್ದು ಬೆಳಿಗ್ಗೆ, ಹಾಗಾಗಿ ಭೂತಕಾಲ, ಕಿಕ್ಡ್. ಇನ್ನು ಬಕೆಟ್ಟು. ಯಾವುದೋ ಬಕೆಟ್ಟೇ? ಅಲ್ಲ. ನಮ್ಮಿಬ್ಬರಿಗೂ ಗೊತ್ತಿರುವ ನೀಲಿ ಬಕೆಟ್ಟು. ಅಂದಮೇಲೆ ‘ದ’.

‘ಫಿಶ್ ಲೇಡಿ ಕಿಕ್ಡ್ ದ ಬಕೆಟ್,’ ಎಂದೆ. ಇಷ್ಟು ಸರಿಯಾದ ವಾಕ್ಯ ಹೇಳಿದ ಹೆಮ್ಮೆಗೆ ಬಾಯಿತುಂಬ ನಗು ಬೇರೆ.

ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಯಾವಾಗ ಎಂದಳು. ಇವತ್ತು ಬೆಳಿಗ್ಗೆ ಎಂದೆ. ಎಲ್ಲಿ ಎಂದಳು. ನಮ್ಮ ಹಿತ್ತಲಲ್ಲೇ ಎಂದೆ. ಹೇಗೆ ಎಂದಳು. ‘ಬಿಕಾಸ್ ಆಫ್ ಕ್ಯಾಟ್,’ ಎಂದೆ. ‘ದ’ ಬಿಟ್ಟುಹೋಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನಷ್ಟು ಭೂತಕಾಲ ಬೇಕೇನೋ ಎಂದುಕೊಂಡು, ‘ವಿ ಆಲ್ ಲಾಫ್ಡ್,’ ಎಂದು ಸೇರಿಸಿದೆ.

ಮುದುಕಿ ಊಟ ಮಾಡಲಿಲ್ಲ. ಮೀನಿಲ್ಲದ್ದಕ್ಕೆ ಬೇಜಾರು ಎಂದು ತಿಳಿದೆ. ಸ್ವಲ್ಪ ಹೊತ್ತಿನ ಮೇಲೆ ಬಂದು, ಅವಳಿಗೆ ಮಕ್ಕಳಿದ್ದಾರೆಯೇ ಎಂದು ಮೆಲ್ಲಗೆ ಕೇಳಿದಳು. ಇಬ್ಬರು ಹೆಣ್ಣು, ಒಬ್ಬ ಗಂಡು ಎಂದೆ. ‘ಪೂರ್ ಥಿಂಗ್ಸ್,’ ಎಂದಳು. ಅಕ್ಕನ ಮರ್ಯಾದೆ ಕಾಯುವುದು ನನ್ನ ಧರ್ಮ. ‘ನೋ ಪೂರ್. ಓನ್ ಬೋಟ್,’ ಎಂದೆ.

ಮರುದಿನ ಸೋಮವಾರ. ಸೋಮವಾರ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಮೀನು ತಿನ್ನುವುದಿಲ್ಲ, ಅಕ್ಕನೂ ಬರುವುದಿಲ್ಲ. ಆದರೆ ಅವಳು ಬರದಿದ್ದನ್ನು ಮುದುಕಿ ಬೇರೆಯೇ ಅರ್ಥದಲ್ಲಿ ನೋಡುತ್ತಿದ್ದಳು ಎಂದು ನನಗೆ ಹೇಗೆ ಗೊತ್ತಾಗಬೇಕು? ಹತ್ತು ಗಂಟೆಗೆ ಬಿಳಿ ಕುರ್ತಾ ಹಾಕಿಕೊಂಡು, ನಮ್ಮ ಅಂಗಳದ ನಂದಿಬಟ್ಟಲ ಹೂವು ಕೊಯ್ದು ಹಿಡಿದುಕೊಂಡು ಬಂದಳು. ಅಕ್ಕನ ಮನೆಗೆ ಕರೆದುಕೊಂಡು ಹೋಗು ಎಂದಳು. ಏನೋ ಪೇ ಮಾಡಬೇಕು ಎಂದಳು; ಆಮೇಲೆ ಗೊತ್ತಾಯಿತು, ಅದು ಸತ್ತವರಿಗೆ ಗೌರವ ಸಲ್ಲಿಸುವ ಮಾತು. ನನಗೆ ‘ಪೇ’ ಅಷ್ಟೇ ಕೇಳಿಸಿತ್ತು. ಚೆಲ್ಲಿದ ಮೀನಿಗೆ ದುಡ್ಡು ಕೊಡುತ್ತಾಳೆ, ಎಂಥ ದೊಡ್ಡ ಮನಸ್ಸು ಎಂದು ಖುಷಿಯಿಂದ ಹೊರಟೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ನಾನು ಮಾತ್ರ ತೆಂಗಿನಮರ, ದೋಣಿ, ಕೋಳಿ ತೋರಿಸುತ್ತ ಎಲ್ಲಕ್ಕೂ ಸರಿಯಾಗಿ ಎ, ದ ಹಚ್ಚುತ್ತ ನಡೆದೆ.

ಅಕ್ಕ ಅಂಗಳದಲ್ಲಿ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಮ್ಮನ್ನು ನೋಡಿದವಳೇ ಎದ್ದು, ‘ಅಯ್ಯಾ, ಅಮ್ಮೋರೂ ಬಂದ್ರು! ಬಾ ಗೋ, ಬಾ,’ ಎಂದು ಎಣ್ಣೆಗೈಯಲ್ಲೇ ಮುಂದೆ ಬಂದಳು. ಮುದುಕಿಯ ಕೈಯಲ್ಲಿದ್ದ ಹೂವು ತನಗೇ ಎಂದು ತಿಳಿದು ತೆಗೆದುಕೊಂಡು ತುರುಬಿಗೆ ಸಿಕ್ಕಿಸಿಕೊಂಡಳು.

ಮುದುಕಿ ಕವುಚಿ ಹಾಕಿದ್ದ ದೋಣಿಯ ಮೇಲೆ ಕುಸಿದು ಕೂತಳು. ಮುಖದಲ್ಲಿ ರಕ್ತವಿಲ್ಲ.

‘ಎಂತಾ ಆಯ್ತೇ ಇವ್ರಿಗೆ? ಬಿಸ್ಲು ಹೊಡೀತಾ? ನೀರು ಕೊಡ್ವಾ?’ ಎಂದಳು ಅಕ್ಕ.

ಮುದುಕಿ ಒಮ್ಮೆ ಅಕ್ಕನನ್ನು, ಒಮ್ಮೆ ನನ್ನನ್ನು, ಒಮ್ಮೆ ಗೋಡೆಯ ಬದಿಗಿದ್ದ ನೀಲಿ ಬಕೆಟ್ಟನ್ನು ನೋಡಿದಳು. ಆಮೇಲೆ ನಗು ಸುರುವಾಯಿತು ನೋಡಿ. ಕಣ್ಣಲ್ಲಿ ನೀರು ಬರುವಷ್ಟು, ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ನಗುತ್ತಲೇ ಎದ್ದು ಬಕೆಟ್ಟಿನ ಹತ್ತಿರ ಹೋಗಿ ಒದ್ದಂತೆ ಮಾಡಿದಳು. ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಹಾಕಿ, ಕತ್ತು ವಾಲಿಸಿದಳು. ಮತ್ತೆ ನನ್ನ ಕಡೆ ಬೆರಳು ತೋರಿಸಿದಳು.

ನನಗಿಂತ ಮೊದಲು ಅಕ್ಕನಿಗೆ ಅರ್ಥವಾಯಿತು. ‘ನಾ ಸತ್ತೆ ಅಂತ ಹೇಳಿದ್ಯೇನೆ ನೀನು?’

‘ಇಲ್ವೇ ಅಕ್ಕಾ, ನೀನು ಬಕೆಟ್ಟು ಒದ್ದೆ ಅಂತಷ್ಟೇ ಹೇಳ್ದೆ!’

‘ಬಕೆಟ್ಟು ಒದ್ರೆ ಸಾಯ್ತಾರಾ ಇವ್ರ ಊರಲ್ಲಿ?’

ಅಕ್ಕ ಸಿಟ್ಟಾಗುತ್ತಾಳೆ ಎಂದು ನಾನು ನಡುಗಿದ್ದೆ. ಅವಳು ತುರುಬಿನ ಹೂವು ಮುಟ್ಟಿ ನೋಡಿಕೊಂಡಳು. ‘ನಾ ಸತ್ರೆ ಹೂವು ತಕಂಡು ನೋಡೂಕೆ ಬಂದ್ಳಲ್ಲ ಈ ಮುದ್ಕಿ. ನನ್ನ ನಾದಿನಿ ನಂಗೆ ಜ್ವರ ಬಂದಾಗೂ ಬರ್ಲಿಲ್ಲ,’ ಎಂದಳು. ಆಮೇಲೆ ಮುದುಕಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಸೋಮವಾರ ಎನ್ನುವುದನ್ನೂ ಮರೆತು ಒಣಮೀನಿನ ಚಟ್ನಿ ಬಡಿಸಿದಳು.

ಅಂದು ಸಂಜೆ ನಾನು ಮಾಸ್ತರರ ಜಗಲಿಗೆ ಜಗಳಕ್ಕೇ ಹೋದೆ. ಎಲ್ಲವನ್ನೂ ಕೇಳಿದ ಮಾಸ್ತರರು ಕನ್ನಡಕ ತೆಗೆದರು. ಅವರ ಮೊದಲ ಪ್ರಶ್ನೆ: ‘ಎ ಅಂದ್ಯಾ, ದ ಅಂದ್ಯಾ?’

‘ದ.’

‘ಹಂಗಾದ್ರೆ ವಾಕ್ಯ ಸರಿ ಉಂಟು. ಹತ್ತಕ್ಕೆ ಹತ್ತು.’

‘ಸರ್, ಹೆಂಗಸು ಸತ್ಲು!’

‘ಎ ಅಂದಿದ್ರೆ ಬದುಕ್ತಿದ್ಲು,’ ಎಂದವರು ಇನ್ನು ತಡೆಯಲಾರದೆ ನಕ್ಕರು. ಆಮೇಲೆ ಹೇಳಿದರು, ಅದೊಂದು ನುಡಿಗಟ್ಟಂತೆ, ಅದೂ ಮರ್ಯಾದೆಯದ್ದಲ್ಲ. ನಮ್ಮಲ್ಲಿ ‘ಗೊಟಕ್ ಅಂದ’ ಎನ್ನುತ್ತೇವಲ್ಲ, ಹಾಗೆ. ಅಂದರೆ ನಾನು ಒಬ್ಬ ನರ್ಸಿನ ಮುಂದೆ ನಿಂತು ನಗುನಗುತ್ತಾ, ಮೀನಿನಾಕೆ ಬೆಕ್ಕಿನ ದೆಸೆಯಿಂದ ನಮ್ಮ ಹಿತ್ತಲಲ್ಲಿ ಗೊಟಕ್ ಅಂದಳು, ನಾವೆಲ್ಲ ನಕ್ಕೆವು ಎಂದಿದ್ದೆ.

‘ಇದನ್ನ ಮೊದ್ಲೇ ಯಾಕೆ ಹೇಳ್ಕೊಡ್ಲಿಲ್ಲ?’

‘ನುಡಿಗಟ್ಟು ಕೊನೇ ಪಾಠ. ಸಾಲೆಯಲ್ಲೂ ಅಲ್ಲಿಗೆ ಬರೂದ್ರೊಳಗೆ ಪರೀಕ್ಷೆ ಬರ್ತಿತ್ತು,’ ಎಂದರು. ದನಿಯಲ್ಲಿ ಸ್ವಲ್ಪ ನಾಚಿಕೆ ಇತ್ತು.

ನನಗೆ ಕಲಿಸಿದ ಗುರುವನ್ನು ನೋಡಬೇಕೆಂದು ಮುದುಕಿ ಹಟ ಹಿಡಿದಿದ್ದಳು. ಮಾಸ್ತರರಿಗೆ ಹೇಳಿದರೆ ಒಂದು ದಿನ ತಲೆನೋವು, ಇನ್ನೊಂದು ದಿನ ತೆಂಗಿನಕಾಯಿ ಕೊಯ್ಯುವವನು ಬರುತ್ತಾನೆ. ಮೂರನೆಯ ಸಲ ಒಳಗಿನಿಂದ ಅವರ ಹೆಂಡತಿ ಹೇಳಿದರು, ‘ಇವ್ರಿಗೆ ಹೆದ್ರಿಕೆ. ಇಷ್ಟ್ ವರ್ಷ ಕಲ್ಸಿದ್ರೂ ಇಂಗ್ಲಿಷಿನವ್ರ ಹತ್ರ ಒಂದು ಮಾತೂ ಆಡಿದ್ದಿಲ್ಲ.’ ಮಾಸ್ತರರು ಪುಸ್ತಕದಲ್ಲಿ ಮುಖ ಹುಗಿದರು. ನನಗೆ ಆವತ್ತು ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು.

ಕೊನೆಗೆ ಮುದುಕಿ ಹೊರಡುವ ಹಿಂದಿನ ದಿನ ಅವಳನ್ನು ಅಂಕೋಲೆಯ ಪೇಟೆ ತೋರಿಸುವ ನೆಪದಲ್ಲಿ ಕರೆತಂದು ಸೀದಾ ಜಗಲಿ ಹತ್ತಿಸಿಬಿಟ್ಟೆ. ಮಾಸ್ತರರು ಬನಿಯನ್ನಿನಲ್ಲಿದ್ದರು. ಒಳಗೆ ಓಡಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಬೆಳಿಗ್ಗೆ ಹನ್ನೊಂದು ಗಂಟೆಗೆ ‘ಗುಡ್ ಈವ್ನಿಂಗ್’ ಎಂದರು. ಅಲ್ಲಿಗೆ ಅವರ ಇಂಗ್ಲಿಷ್ ಮುಗಿಯಿತು. ಅವರ ಹಣೆಯ ಮೇಲೆ ಬೆವರು. ನಾನೇ ಅಲ್ಲಿ ಇಲ್ಲಿ ಒಂದೊಂದು ಶಬ್ದ ಎಸೆದು ಹೊತ್ತು ದೂಡುತ್ತಿದ್ದೆ: ‘ಹಿ ಮೈ ಸರ್. ವೆರಿ ಗುಡ್. ವೆರಿ ಬೀಟಿಂಗ್.’

ಮುದುಕಿ ಚಹಾ ಕುಡಿಯುತ್ತ ತನ್ನ ಬಾಲ್ಯದ ಸುದ್ದಿ ತೆಗೆದಳು. ‘ಮಿ ಆ್ಯಂಡ್ ಮೈ ಸಿಸ್ಟರ್...’ ಎಂದು ಸುರು ಮಾಡಿದ್ದಷ್ಟೇ.

‘ಮೈ ಸಿಸ್ಟರ್ ಆ್ಯಂಡ್ ಐ,’ ಎಂದುಬಿಟ್ಟರು ಮಾಸ್ತರರು.

ಒಳಗೆ ಚಮಚ ಬಿದ್ದ ಸದ್ದು. ಇಂಗ್ಲೆಂಡಿನವಳ ಇಂಗ್ಲಿಷ್ ತಿದ್ದಿದ ಮಾಸ್ತರರು ತಾವೇ ಬೆಚ್ಚಿಬಿದ್ದು ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಮುದುಕಿ ಕಪ್ಪು ಕೆಳಗಿಟ್ಟಳು. ಚಿಕ್ಕಂದಿನಲ್ಲಿ ಇದೇ ತಪ್ಪಿಗೆ ತನ್ನ ಟೀಚರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು ಎಂದು ಹೇಳಿ, ಎರಡೂ ಕೈಯನ್ನು ಮಾಸ್ತರರ ಮುಂದೆ ಚಾಚಿದಳು. ಮಾಸ್ತರರು ನಕ್ಕರು. ಅವರ ಇಂಗ್ಲಿಷ್ ಹೊರಡತೊಡಗಿತು. ಮೊದಲು ನಿಧಾನ, ಆಮೇಲೆ ನಮ್ಮ ಹಳ್ಳ ಮಳೆಗಾಲದಲ್ಲಿ ಬಂದ ಹಾಗೆ. ಹಕ್ಕಿ, ಹಳೆಯ ಸಾಲೆ, ಅಕ್ಕತಂಗಿಯರು, ಮಂಡಿನೋವು. ಊಟದ ಹೊತ್ತು ಮೀರಿದರೂ ಇಬ್ಬರೂ ಏಳಲಿಲ್ಲ. ನನಗೆ ಅರ್ಧ ಅರ್ಥವಾಯಿತು, ಉಳಿದ ಅರ್ಧ ಅವರ ಮುಖ ನೋಡಿ ತಿಳಿದುಕೊಂಡೆ.

ಮುದುಕಿ ಹೋದ ಮೇಲೆ ಮಾಸ್ತರರು ಪಾಠದ ಪದ್ಧತಿ ಬದಲಿಸಿದರು. ಈಗ ಮೊದಲ ಹದಿನೈದು ನಿಮಿಷ ಬರೀ ಮಾತು, ತಪ್ಪಾದರೂ ತಿದ್ದುವಂತಿಲ್ಲ. ತಿದ್ದದೇ ಇರುವುದು ಅವರಿಗೆಷ್ಟು ಕಷ್ಟ ಎಂದರೆ, ಅಷ್ಟು ಹೊತ್ತೂ ಕರವಸ್ತ್ರ ಹಿಂಡುತ್ತಿರುತ್ತಾರೆ. ಆಮೇಲೆ ದಿನಕ್ಕೊಂದು ನುಡಿಗಟ್ಟು, ಕೊನೆಗೆ ಕ್ರಿಯಾಪದ.

ಮೊನ್ನೆ ‘ಸ್ವೆಲ್’ ಎಂಬುದರ ಮೂರನೆಯ ರೂಪ ಕೇಳಿದರು. ನಾನು ಮಾಡು ನೋಡಿದೆ, ನೆಲ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ‘ಸ್ವೋಲನ್’ ಎಂಬ ದನಿ ಬಂತು. ಮಾಸ್ತರರ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು, ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ.

‘ನಿಂಗೆ ಹ್ಯಾಂಗೆ ಗೊತ್ತು?’ ಎಂದರು ಮಾಸ್ತರರು.

‘ನಲ್ವತ್ತು ವರ್ಷದಿಂದ ಈ ಗೋಡೆ ಆಚೆಗೇ ಇದ್ದೆ. ಕಿವಿ ಮುಚ್ಕಂಡು ಅಡ್ಗಿ ಮಾಡೂಕೆ ಆಗ್ತದ್ಯಾ?’

‘ಮತ್ತೆ ಒಂದಿನಾನೂ ಹೇಳ್ಲಿಲ್ಲ?’

‘ನೀವು ಕೇಳ್ಲಿಲ್ಲ.’

ನಾನು ಬೆಂಚಿನ ತುದಿಗೆ ಸರಿದೆ. ಅವರು ಸೌತೆಕಾಯಿ ಹಿಡಿದೇ ಬಂದು ನನ್ನ ಪಕ್ಕ ಕೂತರು. ಮಾಸ್ತರರು ಗಂಟಲು ಸರಿಮಾಡಿಕೊಂಡು, ‘ಸರಿ, ಸ್ಪೆಲ್ಲಿಂಗ್ ಹೇಳು,’ ಎಂದರು.