ಟೀಚರಮ್ಮ ಮತ್ತು ನಾನು ಕದ್ದ ಕೀಬೋರ್ಡು

ನಿಮ್ಮ ಯಜಮಾನ್ರು ದಿನಾ ಸಾಯಂಕಾಲ ಕಾಫಿ ಕುಡಿದು, ತಲೆ ಬಾಚ್ಕೊಂಡು, ಪಕ್ಕದ್ಮನೆ ಹೆಂಗಸಿನ ಎದುರಿಗೆ ಒಂದು ಗಂಟೆ ಕೂತು ಮಾತಾಡಿ ಬಂದ್ರೆ ನೀವು ಸುಮ್ನಿರ್ತೀರಾ? ಇರ್ತೀನಿ ಅನ್ನೋರು ಇದನ್ನ ಓದೋದು ಬೇಡ, ಎದ್ದು ಹೋಗಿ ಕೆಲಸ ನೋಡ್ಕೊಳ್ಳಿ.

ಆ ಪಕ್ಕದ್ಮನೆಯವರ ಬೆರಳು ಬೀನ್ಸ್ ಕಾಯಿ ಹಂಗೆ ಉದ್ದ, ನೆಟ್ಟಗೆ. ತುದಿ ಮಾತ್ರ ಚಪ್ಪಟೆ, ಟೈಪ್ ಹೊಡೆದು ಹೊಡೆದು. ಊಟೀಲಿ ಟೈಪಿಂಗ್ ಕ್ಲಾಸಲ್ಲಿ ಕನ್ನಡ, ತಮಿಳು, ಇಂಗ್ಲಿಷು ಮೂರೂ ಹೇಳ್ಕೊಡ್ತಿದ್ರಂತೆ. ವಯಸ್ಸಾದ್ಮೇಲೆ ಅಲ್ಲಿ ಚಳಿ ಮೂಳೆಗೆ ಆಗಲ್ಲ ಅಂತ ಮಸಿನಗುಡಿಗೆ ಇಳಿದು ನಮ್ಮ ಪಕ್ಕದ್ಮನೆಗೆ ಬಂದ್ರು. ಮದುವೆ ಆಗಿರಲಿಲ್ಲ. ಊರಿಗೆಲ್ಲ ಅವರು ಟೀಚರಮ್ಮ. ಸ್ವೆಟರ್ ಮೇಲೆ ಸೆರಗು, ಕಾಲಿಗೆ ಸಾಕ್ಸು, ಹಾಲೂ ಸಕ್ಕರೆಯೂ ಇಲ್ಲದ ಕಟ್ಟನ್ ಚಾಯ. ಯಾರು ಕಲಿಯೋಕೆ ಬಂದ್ರೂ ಒಂದೇ ಮಾತು: "ಕೀಲಿ ನೋಡ್ಬೇಡಿ, ಮುಂದೆ ನೋಡಿ."

ನಮ್ಮನೆಯವರು ಫಾರೆಸ್ಟ್ ವಾಚರ್ ಆಗಿದ್ದೋರು. ಓದಿದ್ದು ಮೂರನೇ ಕ್ಲಾಸು. ಕಾಡಲ್ಲಿ ಕಂಡಿದ್ದನ್ನೆಲ್ಲ ಬರೆಸಿಡ್ಬೇಕು ಅಂತ ರಿಟೈರ್ ಆದ್ಮೇಲೆ ಹುಚ್ಚು ಹತ್ತಿತು. ಇವರು ಹೇಳೋದು, ಟೀಚರಮ್ಮ ಕಂಪ್ಯೂಟರಲ್ಲಿ ಕನ್ನಡದಲ್ಲಿ ಹೊಡೆಯೋದು. ಮನೇಲಿ ನನ್ನ ಜೊತೆ ಇವರ ಮಾತು ಅಂದ್ರೆ "ಉಪ್ಪು", "ಸಾರು", "ಬಾಗಿಲು ಹಾಕು", ಅಷ್ಟೇ. ಅಲ್ಲಿ ಎರಡೂ ಕೈ ಆನೆ ಕಿವಿ ಹಂಗೆ ಆಡಿಸ್ಕೊಂಡು ಮಾತಾಡೋದು ನಮ್ಮ ಅಡುಗೆಮನೆ ಕಿಟಕಿಗೆ ಚೆನ್ನಾಗಿ ಕಾಣೋದು. ನಾನು ಒಂದೇ ಪಾತ್ರೆ ನಾಲ್ಕು ಸಲ ತಿಕ್ಕೋಳು. ಕೀಲಿ ನೋಡದೆ ಟೈಪ್ ಹೊಡೆಯೋರು ಎತ್ತ ನೋಡ್ತಾರೆ, ನೀವೇ ಹೇಳಿ? ನಮ್ಮನೆಯವರ ಮುಖಾನೇ.

ಮೂರು ವರ್ಷ ಹಿಂಗೇ ನಡೀತು. ಆಮೇಲೆ ಒಂದಿನ ಎದೆನೋವು ಅಂತ ಜಗಲೀಲಿ ಕೂತ ನಮ್ಮನೆಯವರು ಏಳಲಿಲ್ಲ.

ತಿಂಗಳಾದ್ಮೇಲೆ ಟೀಚರಮ್ಮ ಬಂದು, ಬರೆಸಿದ್ದನ್ನ ಓದಿ ಹೇಳ್ತೀನಿ ಅಂದ್ರು. ಕೆಲಸ ಇದೆ ಅಂದೆ. ನನ್ನ ಗಂಡನ ಮಾತು ಇನ್ನೊಬ್ಬಳ ಬಾಯಲ್ಲಿ ನಾನ್ಯಾಕೆ ಕೇಳಲಿ?

ಆ ವರ್ಷದ ಮಳೇಲಿ ಆನೆಯೊಂದು ಮರ ತಳ್ಳಿ ಕರೆಂಟ್ ತಂತಿ ಮೇಲೆ ಕೆಡವಿತು. ವಾಪಸ್ ಬಂದ ಕರೆಂಟು ಜಾಸ್ತಿಯಾಗಿ ಬಂದು ಟೀಚರಮ್ಮನ ಕಂಪ್ಯೂಟರ್ ಸುಟ್ಟೋಯ್ತು. ಗುಜರಿಯೋನಿಗೆ ಅಂತ ಎಲ್ಲ ಹೊರಗಿಟ್ಟಿದ್ರು. ಅಕ್ಷರ ಸವೆದು ಬೋಳಾಗಿದ್ದ ಆ ಕೀಬೋರ್ಡನ್ನ ಹಾಡಹಗಲೇ ಸೆರಗಲ್ಲಿ ಮುಚ್ಕೊಂಡು ಬಂದೆ. ನಮ್ಮನೆಯವರ ಮಾತೆಲ್ಲ ಹಾದುಹೋಗಿದ್ದು ಅದರ ಮೇಲೆ. ಗುಜರಿಯೋನಿಗೆ ಯಾಕೆ ಕೊಡ್ಲಿ, ಅವರಿಗೂ ಯಾಕೆ ಬಿಡ್ಲಿ? ರಾಗಿ ಡ್ರಮ್ಮಲ್ಲಿ ಹೂತಿಟ್ಟೆ.

ಕೊಯಮತ್ತೂರಿಂದ ಟೀಚರಮ್ಮನ ಅಣ್ಣನ ಮಗ ಹೊಸ ಕಂಪ್ಯೂಟರ್ ಕಳಿಸಿದ. ನೋಡೋಕೆ ನಾನೂ ಹೋದೆ. ಬರೆದಿದ್ದೆಲ್ಲ ಪೆನ್‌ಡ್ರೈವಲ್ಲಿ ಭದ್ರವಾಗಿತ್ತು. ಅದನ್ನ ಹಾಕಿ ತೆಗೆದ್ರೆ ಪರದೆ ತುಂಬ ಇರುವೆ ಸಾಲಿನ ಹಂಗೆ ಏನೇನೋ ಗೀಚು, ಒಂದಕ್ಷರ ಕನ್ನಡ ಇಲ್ಲ. ಟೀಚರಮ್ಮನ ಕನ್ನಡ ಪ್ರೋಗ್ರಾಮು ಬಲು ಹಳೇದಂತೆ, ಹಳೇ ಸಿಸ್ಟಮ್ ಮೇಲೆ ಮಾತ್ರ ನಡೆಯೋದಂತೆ. ಹೊಸ ಸಿಸ್ಟಮ್ಮು ಅದನ್ನ ಒಳಗೇ ಬಿಟ್ಕೊಳ್ಳಲ್ಲ.

ಸುಳ್ಯಾಕೆ ಹೇಳ್ಲಿ, ನನಗೆ ಒಳಗೊಳಗೆ ಖುಷಿ ಆಯ್ತು. ಅವರಿಗೂ ಇಲ್ಲದಂಗಾಯ್ತಲ್ಲ ಅಂತ. ಮನೆಗೆ ಬಂದು ಉಣ್ಣೋಕೆ ಕೂತಾಗ ಹೊಳೀತು, ನನಗೂ ಇಲ್ಲ. ಮುದ್ದೆ ಮುಚ್ಚಿಟ್ಟು ಎದ್ದೆ.

ಊಟಿ ಕಂಪ್ಯೂಟರ್ ಅಂಗಡಿಯೋನು ಹೊಸ ಪೆಟ್ಟಿಗೆಗೆ ಹಳೇ ಸಿಸ್ಟಮ್ ಹಾಕಿದ್ರೆ ಎರಡೂ ಕೆಡುತ್ತೆ, ಬೇಡಮ್ಮ ಅಂದನಂತೆ. ಟೀಚರಮ್ಮ ಕೇಳ್ಲಿಲ್ಲ. ಬಿಸ್ಕತ್ ಡಬ್ಬೀಲಿ ಇಟ್ಟಿದ್ದ ಹಳೇ ಸಿ.ಡಿ. ತೆಗೆದು, ಹೊಸ ಸಿಸ್ಟಮ್ ಎಲ್ಲ ಅಳಿಸಿ, ಹಳೇದು ತುಂಬೋಕೆ ಕೂತ್ರು. ಅರ್ಧಕ್ಕೆ ಬಂದು ನಿಂತುಬಿಡ್ತು. ಮುಂದಕ್ಕೆ ಹೋಗೋಕೆ ಒತ್ತಿ ಅನ್ನುತ್ತೆ, ಒತ್ತಿದ್ರೆ ಹೊಸ ಕೀಬೋರ್ಡನ್ನ ಹಳೇ ಸಿಸ್ಟಮ್ಮು ಕಂಡೇ ಇಲ್ಲ ಅನ್ನೋ ಹಂಗೆ ಕೂತಿದೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೂರನೇ ದಿನ ನಾನು ಹೋದಾಗ ಟೀಚರಮ್ಮ ಕೈ ಮಡಿಲಲ್ಲಿ ಇಟ್ಕೊಂಡು ಕೂತಿದ್ರು. ಆ ಕೈ ಸುಮ್ನಿದ್ದಿದ್ದು ನಾನು ನೋಡಿರಲೇ ಇಲ್ಲ.

"ವೈರಿನ ತುದೀಲಿ ಗುಂಡನೆ ಪಿನ್ ಇರೋ ಆ ಹಳೇ ಕೀಬೋರ್ಡ್ ಇದ್ದಿದ್ರೆ ಇದು ಮಾತು ಕೇಳ್ತಿತ್ತು ಅಕ್ಕಾ," ಅಂದ್ರು. "ಅದು ಸಿಗಿಸೋ ಜಾಗ ಈ ಪೆಟ್ಟಿಗೇಲೂ ಇದೆ. ನಾನೇ ಎಸೆದುಬಿಟ್ಟೆ. ಅವರ ಮಾತು ನನ್ನ ಕೈಯಾರೆ ಹೋಯ್ತು."

ಮನೆಗೆ ಬಂದೆ. ಡ್ರಮ್ಮಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಕೊನೆಗೆ ಹೋಗಿ ಮೇಜಿನ ಮೇಲಿಟ್ಟೆ. ಟೀಚರಮ್ಮ ನನ್ನ ನೋಡ್ಲಿಲ್ಲ. ಕೀಬೋರ್ಡನ್ನ ತಲೆಕೆಳಗು ಮಾಡಿ ಎರಡೇಟು ತಟ್ಟಿದ್ರು. ರಾಗಿ ಜರ್ರಂತ ಸುರೀತು.

"ಇದ್ಯಾವ ಊರ ಗುಜರಿ ಅಕ್ಕಾ, ಕೀಬೋರ್ಡಿಗೆ ರಾಗೀನೂ ಸೇರಿಸಿ ಕೊಡೋದು?"

ಮಧ್ಯಾಹ್ನಕ್ಕೆಲ್ಲ ಹಳೇ ಸಿಸ್ಟಮ್ ಕೂತ್ಕೊಂಡಿತು, ಹಳೇ ಪ್ರೋಗ್ರಾಮ್ ಹತ್ತಿತು. ಇರುವೆ ಹೋಗಿ ಕನ್ನಡ ಬಂತು. ನಾನು ಗುಂಡ್ಲುಪೇಟೆ ಕಡೆಯೋಳು, ಕನ್ನಡ ಓದೋಕೆ ಬರುತ್ತೆ. ಆದ್ರೆ ಓದೋಕೆ ಮುಂಚೆ ನನಗೆ ಒಂದು ತಿಳೀಬೇಕಿತ್ತು. ನನ್ನ ಹೆಸರು ಹುಡುಕಿಸಿ ಅಂದೆ. ಹುಡುಕಿದ್ರು. ಇಲ್ಲ ಅಂತ ಬಂತು. ಮೂರು ವರ್ಷ ಬಾಯಿ ತುಂಬ ಮಾತಾಡಿದ ಮನುಷ್ಯ ನನ್ನ ಹೆಸರು ಒಂದು ಸಲನೂ ಎತ್ತಿಲ್ಲ. ಚಪ್ಪಲಿ ಮೆಟ್ಕೊಳ್ಳೋಕೆ ಎದ್ದೆ.

"ನಿಮ್ಮನ್ನ ಅವರು ಯಾವತ್ತಾದ್ರೂ ಹೆಸರಿಟ್ಟು ಕರೆದಿದ್ರಾ ಅಕ್ಕಾ?" ಅಂದ್ರು ಟೀಚರಮ್ಮ.

ನಮ್ಮಲ್ಲಿ ಯಾವ ಗಂಡ ಕರೀತಾನೆ? ಎದುರಿಗೆ "ಏನೇ", ಹೊರಗಿನವರ ಹತ್ರ "ನಮ್ಮನೆಯೋಳು". ಟೀಚರಮ್ಮ "ನಮ್ಮನೆಯೋಳು" ಅಂತ ಹೊಡೆದು ಹುಡುಕಿದ್ರು. ಪರದೆ ಒಂದೊಂದೇ ಪುಟ ಓಡ್ತಾ ಹೋಯ್ತು, ಪುಟ ಪುಟಕ್ಕೂ ನಾನೇ. ಒಂದು ಕಡೆ ನಿಲ್ಲಿಸಿ ಓದಿದೆ: "ಒಂಟಿ ಸಲಗ ಅಟ್ಟಿಸ್ಕೊಂಡು ಬಂತು. ನಮ್ಮನೆಯೋಳು ಕಟ್ಕೊಟ್ಟ ಬುತ್ತಿ ಡಬ್ಬಿ ಬಿಸಾಕಿ ಓಡ್ದೆ, ಸಲಗ ಅದನ್ನ ತುಳಿದು ಅಪ್ಪಚ್ಚಿ ಮಾಡ್ತು. ಜೀವ ಉಳೀತು, ಆದ್ರೆ ಡಬ್ಬಿ ಎಲ್ಲಿ ಅಂತ ಅವಳು ಕೇಳ್ತಾಳಲ್ಲ, ಆ ಭಯಾನೇ ಜಾಸ್ತಿ ಆಯ್ತು."

ನನಗೆ ಅವತ್ತು ಡಬ್ಬೀನ ಬಸ್ಸಲ್ಲಿ ಬಿಟ್ಟೆ ಅಂದಿದ್ರು. ಎರಡು ದಿನ ಬೈದಿದ್ದೆ.

ಟೀಚರಮ್ಮ ಎಲ್ಲ ಪ್ರಿಂಟ್ ತೆಗೆದು ಹೊಲಿದು ಕೊಟ್ರು. ಆಮೇಲೆ ದಿನಾ ಸಾಯಂಕಾಲ ಅದೇ ಕುರ್ಚೀಲಿ ನನ್ನ ಕೂರಿಸಿ ಫೋನಲ್ಲಿ ಕನ್ನಡ ಹೊಡೆಯೋದು ಕಲಿಸಿದ್ರು. ಹೋದ ಚಳಿಗಾಲ ಅವರೂ ಹೋದ್ರು, ನಿದ್ದೇಲೇ. ಅಣ್ಣನ ಮಗ ಬಂದು ಮನೆ ಖಾಲಿ ಮಾಡಿದ. ಕೀಬೋರ್ಡು ನಾನು ಕೇಳಿ ತಗೊಂಡೆ, ಈ ಸಲ ಕದೀಲಿಲ್ಲ. ನಾನಿನ್ನೂ ಕೀಲಿ ನೋಡ್ಕೊಂಡೇ ಒತ್ತೋಳು. ಇಷ್ಟು ಬರೆಯೋಕೆ ಹದಿನೈದು ದಿನ ಹಿಡೀತು.

ಟೀಚರಮ್ಮ ಹೋಗೋ ಸ್ವಲ್ಪ ದಿನ ಮುಂಚೆ ಒಂದು ಮಾತು ಕೇಳಿಬಿಟ್ಟಿದ್ದೆ. ನಮ್ಮನೆಯವರು ಅಲ್ಲಿ ಕೂತು ಹೇಳ್ತಿದ್ದಿದ್ದೆಲ್ಲ ನನ್ನ ಸುದ್ದೀನೇ ಅಂತ ನೀವು ಆವಾಗಲೇ ಒಂದು ಮಾತು ಅಂದಿದ್ರೆ ನಾನು ಮೂರು ವರ್ಷ ಆ ಕಿಟಕೀಲಿ ನಿಂತು ಹೊಟ್ಟೆ ಉರ್ಕೊಳ್ತಿರಲಿಲ್ಲ, ಯಾಕೆ ಹೇಳ್ಲಿಲ್ಲ ಅಂತ.

ಟೀಚರಮ್ಮ ಚಾಯದ ಲೋಟ ಕೆಳಗಿಟ್ರು. "ಈ ವಯಸ್ಸಲ್ಲಿ ನನ್ನ ಮೇಲೆ ಹೊಟ್ಟೆ ಉರ್ಕೊಳ್ಳೋಕೆ ಒಬ್ಬರು ಸಿಕ್ಕಿದ್ರು ಅಕ್ಕಾ. ಹೇಳಿ ಅದನ್ಯಾಕೆ ಕೆಡಿಸ್ಕೊಳ್ಲಿ?"