ಕುಂಕುಮ ಒರೆಸಿದ ಬಾಯ್ಲರು

ರಸೂಲ್ ಮಾಮನ ಬೆಸುಗೆ ಸರಿಯಿಲ್ಲದೆ ನಮ್ಮಪ್ಪನ ಪುಟ್ಟ ರೈಲಿನ ಬಾಯ್ಲರು ಕೆಟ್ಟಿತು ಅಂತ ನಮ್ಮ ಕಡೆಯವರೆಲ್ಲ ಹೇಳ್ಕೊಂಡು ಬಂದಿದ್ದಾರೆ. ಸುಳ್ಳು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿತ್ತು, ಒಂದು ಗಳಿಗೆಯ ಕೆಲಸ. ಕೆಟ್ಟಿದ್ದು ನಮ್ಮಪ್ಪ ಬಾಯಿ ಬಿಡದೆ ಕೂತದ್ದರಿಂದ. ನಾನು ಅಲ್ಲೇ ಇದ್ದೆ, ನೋಡಿದ್ದೀನಿ.

ಮೊನ್ನೆ ಶ್ರೀನಿವಾಸಪುರದ ಬಜಾರಲ್ಲಿ ಯಾರೋ ಒಬ್ಬ ಮದುವೆ ಅಡುಗೆಯ ಹಳೇ ಕೊಪ್ಪರಿಗೆಗೆ ಕಲಾಯಿ ಹಾಕ್ತಿದ್ದ. ನವಸಾಗರದ ಬಿಳೀ ಹೊಗೆ ಮೂಗಿಗೆ ಹೊಡೆದು ಕೆಮ್ಮು ಬಂತು, ಕೆಮ್ಮಿನ ಜೊತೆ ನಮ್ಮ ಹಳೇ ಮನೆಯೆಲ್ಲ ಬಂತು. ಸ್ಟೇಷನ್ ಹಿಂದಿನ ಹೆಂಚಿನ ಮನೆ, ಬೇಸಿಗೆಯಲ್ಲಿ ಅಟ್ಟದ ಮೇಲಿನ ಹುಲ್ಲಲ್ಲಿ ಹಣ್ಣಾಗುವ ಮಾವಿನ ಘಮ, ಅಪ್ಪನ ಖಾಕಿ ಅಂಗಿಯ ಕಲ್ಲಿದ್ದಲ ವಾಸನೆ. ಅಪ್ಪ ಆಗ ಊರಿಗೆ ಬರ್ತಿದ್ದ ಸಣ್ಣ ಹಳಿಯ ರೈಲಿಗೆ ಇದ್ದಲು ಹಾಕೋ ಫೈರ್‌ಮನ್. ಡ್ರೈವರ್ ಆಗಲೇ ಇಲ್ಲ. ಅದಕ್ಕೇ ಇರಬೇಕು, ತಾನೇ ಓಡಿಸುವಂಥ ಮೊಳದುದ್ದದ ಇಂಜಿನ್ನೊಂದು ಮಾಡಬೇಕು, ಹಿಂದೆ ಹಲಗೆ ಕಟ್ಟಿ ನನ್ನ ಕೂರಿಸಿ ಹಿತ್ತಲಲ್ಲಿ ಸುತ್ತಿಸಬೇಕು ಅಂತ ತಲೆಗೆ ಹತ್ತಿತ್ತು. ಚಕ್ರ, ಚೌಕಟ್ಟು ಎಲ್ಲ ತಾನೇ ಮಾಡಿಕೊಂಡ. ಬಾಯ್ಲರು ಮಾತ್ರ ಅವನ ಕೈಯಲ್ಲಿ ಆಗೋದಲ್ಲ. ಅದಕ್ಕೆ ರಸೂಲ್ ಮಾಮ ಬೇಕಾಯಿತು.

ರಸೂಲ್ ಮಾಮ ಬಜಾರಿನ ತಾಮ್ರದ ಕೆಲಸದವನು, ಅಪ್ಪನ ಜೊತೆ ಗೋಲಿ ಆಡಿ ಬೆಳೆದವನು. ನಮ್ಮ ಮನೆಯ ಪಾತ್ರೆಗಳಿಗೆಲ್ಲ ಅವನದೇ ಕಲಾಯಿ. ಕಾದ ಪಾತ್ರೆಯೊಳಗೆ ಅರಳೆ ಹಿಡಿದು ಒಂದು ಸುತ್ತು ಒರೆಸಿದರೆ ಬೆಳ್ಳಿ ಹಂಗೆ ಆಗ್ತಿತ್ತು. ನಾವು ಉಣ್ತಿದ್ದ ಪ್ರತಿ ಪಾತ್ರೆಯ ಒಳಮೈ ಒರೆಸಿದ್ದು ಆ ಕೈ. ಅವನು ನಮ್ಮ ಮನೆಗೆ ಬಂದರೆ ಕಾಫಿ ಕೊಡ್ತಿದ್ದ ಗಾಜಿನ ಲೋಟ ಮಾತ್ರ ಹೊರಗೆ ಸೂರಿನ ಸಂದಿಯಲ್ಲಿ ಬೇರೆ ಇರ್ತಿತ್ತು. ಇದನ್ನೂ ಬರೀಲೇಬೇಕು. ನಿಮ್ಮ ಮನೆಯಲ್ಲೂ ಅಂಥದೊಂದು ಲೋಟ ಇದ್ದಿರಬಹುದು, ಕೇಳಿ ನೋಡಿ.

ಒಂದು ಚಳಿಗಾಲ ಪೂರ್ತಿ ಇಬ್ಬರೂ ಹಿತ್ತಲಲ್ಲಿ ಕೂತರು. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಚುಂಯ್ ಅಂತ ಮೆತ್ತಗಾಗೋದು, ಆಮೇಲೆ ಮರದ ಕೊರಡಿಗೆ ಸುತ್ತಿ ತಟ್ಟೋದು, ಗಡುಸಾದರೆ ಮತ್ತೆ ಕಾಯಿಸೋದು. ಒಳಗೆ ಬೆಂಕಿಯ ಗೂಡು, ಅದರಿಂದ ಉದ್ದಕ್ಕೆ ಹೊಗೆಯ ಕೊಳವೆಗಳು. ಬೆಸುಗೆಗೆ ಬೆಳ್ಳಿ ಬೇಕು ಅಂದಾಗ ಅಪ್ಪ ಸೊಂಟದ ಉಡಿದಾರ ಬಿಚ್ಚಿ ಕೊಟ್ಟ. ಇದೇನು ಬಿರಿಯಾನಿ ಬೇಯಿಸೋ ದೇಗಾ ಅಂತ ಬಜಾರಿನವರು ಕೇಳಿದರೆ, ದೇಗಲ್ಲ ಕಣ್ರಪ್ಪ, ಹತ್ತೋಕೆ ಟಿಕೆಟ್ ತಗೋಬೇಕು ಅಂತಿದ್ದ ಮಾಮ. ಅವ್ವ, ಅಂದ್ರೆ ಅಪ್ಪನ ತಾಯಿ, ಬೇರೆಯವರ ಮಕ್ಕಳು ಹಸು ಕಟ್ತಾರೆ, ನನ್ನ ಮಗ ಚೊಂಬಿಗೆ ಚಕ್ರ ಕಟ್ತಾನೆ ಅಂತ ಆಡಿಕೊಳ್ತಿದ್ದಳು. ಆದರೂ ಮನಸ್ಸಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಯೇ ಕೆಡಿಸಿತು.

ಬಾಯ್ಲರಿಗೆ ಮೊದಲು ಬೆಂಕಿ ಹಾಕಬಾರದು. ಒಂದು ಗುಳ್ಳೆ ಗಾಳಿಯೂ ಇಲ್ಲದ ಹಂಗೆ ತಣ್ಣೀರು ತುಂಬಿ, ಕೈಪಂಪಿನಲ್ಲಿ ಒತ್ತಬೇಕು. ಆವಿಯಲ್ಲಿ ಒಡೆದರೆ ಮನುಷ್ಯ ಹೋಗ್ತಾನೆ, ನೀರಲ್ಲಿ ಸೋತರೆ ಒಂದು ಹನಿ ಹೊರಗೆ ಬರ್ತದೆ, ಅಷ್ಟೆ. ಗಡಿಯಾರದಂಥ ಮೀಟರಿನ ಮುಳ್ಳು ಏರಿದ ಕಡೆಯೇ ನಿಲ್ಲಬೇಕು. ಹನಿ ಕಾಣಬೇಕಾದರೆ ಮೈ ಒಣಗಿರಬೇಕು, ಯಾರೂ ಮುಟ್ಟಬೇಡಿ ಅಂತ ಮಾಮ ಹಿಂದಿನ ದಿನವೇ ಹೇಳಿ ಹೋಗಿದ್ದ. ಅವ್ವ ಕೇಳಲಿಲ್ಲ. ಹೊಸ ಯಂತ್ರ, ಬರೀ ಹಣೆಯಲ್ಲಿ ಇಡ್ತಾರಾ ಅಂತ ಬೆಳಿಗ್ಗೆ ಎದ್ದು ಅರಿಶಿನ ಕಲಸಿ ಮೂರು ಪಟ್ಟೆ ಬಳಿದಳು, ಬೆಸುಗೆ ಬೆಸುಗೆಗೂ ಕುಂಕುಮ ಮೆತ್ತಿದಳು, ಹೂ ಮುಡಿಸಿದಳು. ಅಕ್ಕಪಕ್ಕದವರನ್ನೂ ಕರೆದಿದ್ದಳು.

ಅಪ್ಪ ಪಂಪು ಒತ್ತಿದ. ಮುಳ್ಳು ಏರಿತು, ನಿಂತಿತು, ಆಮೇಲೆ ನಿಧಾನಕ್ಕೆ ಇಳಿಯೋಕೆ ಶುರುವಾಯಿತು. ಎಲ್ಲೋ ಸೋರ್ತಿದೆ, ಎಲ್ಲಿ ಅಂತ ಕಾಣದು. ಮೈಯೆಲ್ಲ ಹಸಿ ಅರಿಶಿನ. ಮಾಮ ಹಿಂದೆ ಮುಂದೆ ನೋಡದೆ ಹೆಗಲ ಟವೆಲ್ ತೆಗೆದು ಕುಂಕುಮವನ್ನೆಲ್ಲ ಒರೆಸಿಬಿಟ್ಟ. ಕೆಲಸದವನ ಕಣ್ಣು ಹನಿ ಹುಡುಕ್ತಿತ್ತು, ಅಷ್ಟೇ ಕಣ್ರೀ.

"ಚೆಯ್ಯಿ ತೀಯ್‌ರಾ," ಅಂದಳು ಅವ್ವ. ಕೈ ತೆಗೆಯೋ ಅಂತ, ತೆಲುಗಲ್ಲಿ. ಅದುವರೆಗೂ ಅವನನ್ನ ಬಾಪ್ಪಾ, ಹೋಗಪ್ಪಾ ಅಂತಿದ್ದವಳು. ಆಮೇಲೆ ಅವನ ಜಾತಿ ಹಿಡಿದು ಅಂದ ಮಾತುಗಳನ್ನ ನಾನು ಇಲ್ಲಿ ಬರೆಯೋಲ್ಲ. ಅಕ್ಕಪಕ್ಕದವರು ತಲೆಯಾಡಿಸಿದರು. ಅಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಳು. ಎಲ್ಲರೂ ಅಪ್ಪನ ಮುಖ ನೋಡಿದರು. ಮಾಮನೂ ನೋಡಿದ. ಅದು ಕೆಲಸ ಅವ್ವಾ, ಅಂತ ಒಂದು ಮಾತು ಸಾಕಿತ್ತು. ಅಪ್ಪ ಮುಳ್ಳು ನೋಡ್ತಾ ಕೂತ. ಮುಳ್ಳು ಆಗಲೇ ಸೊನ್ನೆಗೆ ಬಂದಿತ್ತು.

"ಬೆಂಕಿಗೂಡಿನ ಬಾಗಿಲ ಕೆಳಗೆ ಒಂದು ಸೂಜಿತೂತು ಅದೆ," ಅಂತ ಅಪ್ಪನಿಗೆ ಹೇಳಿ, ಟವೆಲ್ ಮಡಚಿ ಹೆಗಲಿಗೆ ಹಾಕ್ಕೊಂಡು ಮಾಮ ಹೊರಟುಹೋದ. ಮತ್ತೆ ನಮ್ಮ ಹಿತ್ತಲಿಗೆ ಬರಲಿಲ್ಲ. ಪಾತ್ರೆಗಳನ್ನ ಕಲಾಯಿಗೆ ಬೇರೆ ಯಾರಿಗೋ ಕೊಟ್ಟರು. ಬಾಯ್ಲರು ಅಟ್ಟಕ್ಕೆ ಹೋಯಿತು, ಮನೆ ಪಾಲಾದಾಗ ಗುಜರಿಗೆ ಹೋಯಿತು. ಊರಿನ ಸಣ್ಣ ಹಳಿಯ ರೈಲೂ ಹೋಯಿತು, ಅವ್ವ ಹೋದಳು, ಮಾಮ ಹೋದ. ಮಾಮ ತೀರಿಕೊಂಡ ದಿನ ಅಪ್ಪ ಬಜಾರಿನ ತಿರುವಿನವರೆಗೆ ನಡೆದು ವಾಪಸ್ ಬಂದ. ಸಾಯೋ ತನಕ ಆ ಹೆಸರು ಎತ್ತಲಿಲ್ಲ. ಒಳ್ಳೇ ಮನುಷ್ಯನೇ ನಮ್ಮಪ್ಪ. ಅದಕ್ಕೇ ಇನ್ನೂ ನಾಚಿಕೆ.

ಮಾಮ ಕುಂಕುಮ ಒರೆಸಿದ ಮಾರನೇ ದಿನ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ಬಾಯ್ಲರನ್ನ ಮಂಕರಿಗೆ ಹಾಕಿ ತಲೆ ಮೇಲೆ ಹೊತ್ತು ಬಜಾರಿಗೆ ಹೋದೆ. ಕತ್ತು ಮುರಿಯೋ ಭಾರ. ಮಾಮ ಆಗಷ್ಟೇ ತಿದಿ ಊದ್ತಿದ್ದ. ಇಳಿಸಿಕೊಂಡು, ಆ ತೂತಿನ ಮೇಲೆ ಹೆಬ್ಬೆರಳು ಇಟ್ಟು ಸುಮ್ಮನೆ ಸವರಿದ.

"ಅಪ್ಪ ಕಳಿಸಿದ್ನಾ?"

ಇಲ್ಲ ಅಂದೆ.

"ಅವನು ಬರಲಿ ಮಗಾ," ಅಂದು ತಾನೇ ಮಂಕರಿ ಎತ್ತಿ ನನ್ನ ತಲೆ ಮೇಲಿಟ್ಟ.

ಮನೆಗೆ ತಂದು ಬಾಗಿಲಿಗೆ ಅಡ್ಡ ಇಳಿಸಿದೆ. ಮಾಮ ಹೇಳಿದ್ದನ್ನ ಹೇಳಿದೆ. ಅಪ್ಪ ಅಂಗಿ ಗುಂಡಿ ಹಾಕಿಕೊಂಡ, ಊಟದ ಡಬ್ಬಿ ತಗೊಂಡ, ಮಂಕರಿ ದಾಟಿಕೊಂಡು ಡ್ಯೂಟಿಗೆ ಹೋದ.