ಲಾಯದ ಮೋರಿ

ಲಿಂಗಸುಗೂರಿನ ನಮ್ಮ ಹೈಸ್ಕೂಲನ್ನು ಯಾರೂ ಶಾಲೆಗೆಂದು ಕಟ್ಟಿದ್ದಲ್ಲ. ಅದು ಹಳೆಯ ದಂಡಿನ ಛಾವಣಿಯ ಕುದುರೆಲಾಯ. ಅಂಗ್ರೇಜರ ಕುದುರೆ ಸವಾರರು ಊರಲ್ಲಿದ್ದಾಗ ಎದ್ದ ಕಟ್ಟಡ. ಅವರು ಹೋದ ಮೇಲೆ ಕೆಲವು ವರ್ಷ ಗೋದಾಮಾಗಿತ್ತಂತೆ, ಆಮೇಲೆ ಉರ್ದು ಶಾಲೆ, ನಿಜಾಮನ ಆಳ್ವಿಕೆ ಮುಗಿದ ಮೇಲೆ ನಮ್ಮ ಕನ್ನಡ ಹೈಸ್ಕೂಲು. ಉದ್ದನೆಯ ಕಲ್ಲುಗೋಡೆಯ ನಡುನಡುವೆ ತಟ್ಟಿ ನಿಲ್ಲಿಸಿ ಖೋಲಿ ಮಾಡಿದ್ದರು. ಆಚೆ ತಟ್ಟಿಯಲ್ಲಿ ಮಗ್ಗಿ ಹೇಳಿಸಿದರೆ ಈಚೆಯವರ ಬಾಯಲ್ಲೂ ಅದೇ ಬರುತ್ತಿತ್ತು. ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಕಡಗಗಳು ಹಾಗೇ ಇದ್ದವು. ಹುಡುಗರು ಟೋಪಿ, ಬುತ್ತಿಗಂಟು ಅವಕ್ಕೆ ತೂಗುಹಾಕುತ್ತಿದ್ದರು. ನೆಲಕ್ಕೆ ಕಲ್ಲು ಹಾಸಿತ್ತು. ಹಿಂಗೋಡೆಯಿಂದ ಬಾಗಿಲ ಕಡೆಗೆ ತುಸು ಇಳಿಜಾರು, ನಡುವೆ ಅಂಗೈ ಅಗಲದ ಒಂದು ಮೋರಿ. ಕುದುರೆ ಉಚ್ಚೆ ಹೊಯ್ದರೆ ನಿಲ್ಲದೆ ಹೊರಗೆ ಹರಿದುಹೋಗಲಿ ಎಂದು ಮಾಡಿದ್ದು.

ಲಾಯಕ್ಕೆ ಹೊಂದಿ ಹೊಸ ಖೋಲಿಗಳೂ ಏಳುತ್ತಿದ್ದವು. ಒಬ್ಬೊಬ್ಬ ಸಾಹುಕಾರರು ಒಂದೊಂದು ಕಟ್ಟಿಸಿಕೊಟ್ಟು, ತಮ್ಮ ತಂದೆಯದೋ ತಾಯಿಯದೋ ಹೆಸರಿನ ಕಲ್ಲನ್ನು ಬಾಗಿಲ ಮೇಲೆ ಕೂಡಿಸುತ್ತಿದ್ದರು. ಹೊಸ ಹುಡುಗರಿಗೆ ಆ ಕಲ್ಲುಗಳೇ ಓದಲು ಮೊದಲ ಪಾಠ.

ನಮ್ಮೂರು ಮಸ್ಕಿ. ಅಪ್ಪನದು ಕಿರಾಣಿ ಅಂಗಡಿ. ಅಲ್ಲಿ ಮಿಡ್ಲ್ ಸ್ಕೂಲು ಮುಗಿದ ಮೇಲೆ ಎಲ್ಲರ ಮನೆಯ ಹುಡುಗಿಯರೂ ಒಲೆಯ ಮುಂದೆ ಕೂತರು. ನಮ್ಮಪ್ಪ ಮಾತ್ರ ಮಗಳು ಮ್ಯಾಟ್ರಿಕ್ ಆಗಲಿ ಎಂದು ಹಟ ಹಿಡಿದು ನನ್ನನ್ನು ಲಿಂಗಸುಗೂರಿನ ಸೋದರಮಾವನ ಮನೆಯಲ್ಲಿ ತಂದಿಟ್ಟರು. ಇಡೀ ಹೈಸ್ಕೂಲಿಗೆ ನಾನೊಬ್ಬಳೇ ಹುಡುಗಿ. ಹುಡುಗರ ಬೆಂಚಿನಲ್ಲಿ ಕೂಡುವ ಹಾಗಿಲ್ಲ. ಹಿಂಗೋಡೆಗೆ ಒತ್ತಿ ನನಗೊಂದು ಚಾಪೆ ಹಾಸಿದ್ದರು.

ಎಲ್ಲವನ್ನೂ ಯೋಚಿಸಿದ್ದ ಅಪ್ಪ ಒಂದನ್ನು ಯೋಚಿಸಿರಲಿಲ್ಲ. ಪಾಠಗಳ ನಡುವೆ ಸೂಟಿ ಬಿಟ್ಟರೆ ಹುಡುಗರು ಲಾಯದ ಹಿಂದಿನ ಜಾಲಿಗಿಡಗಳ ಕಡೆ ಓಡುತ್ತಿದ್ದರು. ನಾನು ಎಲ್ಲಿಗೆ ಹೋಗಬೇಕು? ಮಾವನ ಮನೆ ಊರಿನ ಆ ತುದಿಗೆ, ಹೋಗಿ ಬರುವಷ್ಟರಲ್ಲಿ ಅರ್ಧ ಪಾಠ ಮುಗಿಯುತ್ತಿತ್ತು. ಅಪ್ಪನಿಗೆ ಇದನ್ನು ಹೇಳುವುದು ಹೇಗೆ? ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು.

"ಮುಂಜಾನಿ ನೀರ ಮುಟ್ಟಬ್ಯಾಡ. ಮಜ್ಜಿಗಿ ಬ್ಯಾಡ, ಸಾರೂ ಬ್ಯಾಡ. ಒಣಾ ರೊಟ್ಟಿಗಿ ಚಟ್ನಿಪುಡಿ ಹಚ್ಚಿಕೊಂಡು ತಿಂದು ಹೋಗು. ನಾವೆಲ್ಲಾ ಹೊಲಕ್ಕ ಹೋದಾಗ ಹಂಗ ಮಾಡಿದವರೇ."

ಹಾಗೇ ಮಾಡಿದೆ. ಸಂಜೆ ಮಾವನ ಮನೆಗೆ ಬಂದು ಪಾಟೀಚೀಲ ಇಳಿಸುವ ಮೊದಲೇ ಹಿತ್ತಲಿಗೆ ಓಡುತ್ತಿದ್ದೆ, ಆಮೇಲೆ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದೆ. ತುಟಿ ಒಡೆದಿರುತ್ತಿತ್ತು, ಮಧ್ಯಾಹ್ನವಾದರೆ ತಲೆ ಸಿಡಿಯುತ್ತಿತ್ತು. ಹುಡುಗಿ ಬಹಳ ಓದುತ್ತಾಳೆ, ಅದಕ್ಕೇ ಹಾಗೆ ಎಂದು ಅತ್ತೆ ನೆರೆಯವರಿಗೆ ಹೇಳಿಕೊಳ್ಳುತ್ತಿದ್ದಳು.

ಎರಡನೆಯ ವರ್ಷದ ಬೇಸಿಗೆಗೆ ಮುಂಚೆ ಒಂದು ದಿನ ಪಾಮನಕಲ್ಲೂರಿನ ನೆಂಟರು ಕಲ್ಲಂಗಡಿ ತಂದರು. ಬೆಳಿಗ್ಗೆ ಶಾಲೆಗೆ ಹೊರಟವಳ ಕೈಗೆ ದೊಡ್ಡ ಹೋಳು ಕೊಟ್ಟು, "ನಮ್ಮ ಹೊಲದ್ದು, ಉಳಸಬಾರದು" ಎಂದು ಎದುರಿಗೇ ನಿಂತರು. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ತಿಂದೆ. ಸಿಹಿಯಾಗಿತ್ತು, ಇನ್ನೊಂದು ಹೋಳೂ ತಿಂದೆ.

ಮಧ್ಯಾಹ್ನ ಬೀಜಗಣಿತದ ಪಾಠ. ಕಾಲು ಮಡಚಿ, ಉಗುರು ಅಂಗೈಗೆ ಒತ್ತಿ ಕೂತೆ. ಎದ್ದು ಹೊರಗೆ ಹೋಗಬಹುದಿತ್ತು, ಆದರೆ ಹೋಗಿ ಎಲ್ಲಿ ನಿಲ್ಲುವುದು? ಪಾಠ ಮುಗಿಯಲು ಇನ್ನೂ ಹೊತ್ತಿತ್ತು. ಆಗಬಾರದ್ದು ಆಯಿತು. ಚಾಪೆಯಲ್ಲೇ ಇಂಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆದರೆ ನೆಲ ಲಾಯದ್ದು. ಅದು ಇಳಿಜಾರು ಹಿಡಿದು, ಮೋರಿ ಸೇರಿ, ಬೆಂಚುಗಳ ನಡುವೆ ಬಾಗಿಲ ಕಡೆಗೆ ನಡೆಯಿತು. ಮುಂದಿನ ಬೆಂಚಿನ ಹುಡುಗನೊಬ್ಬ, "ಯಾರೋ ನೀರು ಚೆಲ್ಯಾರ ನೋಡ್ರೋ" ಎಂದು ಚೀಲ ಎತ್ತಿಕೊಂಡ. ಅದು ಎಲ್ಲಿಂದ ಹರಿದು ಬರುತ್ತಿದೆ ಎಂದು ತಿರುಗಿ ನೋಡಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಅಳುವುದಕ್ಕಾದರೂ ಆಗುತ್ತಿತ್ತು. ಮಾಸ್ತರು ಹಲಗೆಯ ಕಡೆ ಮುಖ ಮಾಡಿದವರು ಗಂಟೆ ಹೊಡೆಯುವವರೆಗೂ ಬರೆಯುತ್ತಲೇ ಇದ್ದರು. ಹುಡುಗರು ಒಬ್ಬೊಬ್ಬರಾಗಿ ಮೋರಿ ದಾಟಿ ಹೋದರು.

ಶಾಲೆಯ ಚಪರಾಸಿಯ ಹೆಂಡತಿ ಕೊಡ ನೀರು, ತನ್ನದೊಂದು ಸೀರೆ ತಂದಳು. ಅವಳನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು.

"ಏಳು ಬೇಟಿ. ಉಟ್ಕೋ ಇದನ್ನ."

ನಾನು ಏಳಲಿಲ್ಲ. ಅವಳು ನೀರು ಸುರಿದು ನೆಲ ತೊಳೆಯುತ್ತ ತನ್ನಷ್ಟಕ್ಕೆ ಅಂದಳು. "ಅಂಗ್ರೇಜರು ಕುದುರಿಗಿ ಮೋರಿ ಮಾಡಿ ಹೋಗ್ಯಾರ. ಹೆಣ್ಣುಮಕ್ಕಳು ಓದಾಕ ಬರ್ತಾರಂತ ಅವರಿಗೇನು ಗೊತ್ತು ಪಾಪ."

ಜ್ವರವೆಂದು ಹೇಳಿ ಮಲಗಿದೆ. ಆದರೆ ಊರಿಗೆ ಊರೇ ಗೊತ್ತಾಗಿತ್ತು. ಸುದ್ದಿ ಮಸ್ಕಿಗೂ ಮುಟ್ಟಿ ಅಪ್ಪ ಬಂದರು. ಏನನ್ನೂ ಕೇಳಲಿಲ್ಲ. "ಗಂಟು ಕಟ್ಕೋ. ಸಾಲಿ ಸಾಕು" ಎಂದರು. ಶಾಲೆಯಿಂದ ಹೆಸರು ತೆಗೆಸಲು ನನ್ನನ್ನೂ ಕರೆದುಕೊಂಡು ಹೆಡ್‌ಮಾಸ್ತರರ ಖೋಲಿಗೆ ಹೋದರು. ನಾನು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತೆ.

"ಹುಡುಗಿ ಭಾಳ ಶ್ಯಾಣ್ಯಾ ಅದಾಳ್ರೀ. ಬಿಡಸಬ್ಯಾಡ್ರಿ" ಎಂದರು ಹೆಡ್‌ಮಾಸ್ತರರು.

"ಶ್ಯಾಣ್ಯಾತನ ತಗೊಂಡು ಏನ ಮಾಡೂದ್ರಿ. ಇಜ್ಜತ್ ಹೋತಲ್ರಿ."

"ಸ್ವಲ್ಪ ದಿನ ಕೊಡ್ರಿ ನನಗ. ಕಟ್ಟಸ್ತೀನಿ."

"ಏನು ಕಟ್ಟಸ್ತೀರಿ?"

ಹೆಡ್‌ಮಾಸ್ತರರು ದನಿ ತಗ್ಗಿಸಿ, "ಒಂದು... ಸಣ್ಣ ಖೋಲಿ" ಎಂದರು. ಅದರ ನಿಜವಾದ ಹೆಸರನ್ನು ಆ ದಿನಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಸೇರಿ.

ಅಪ್ಪ ಅವತ್ತು ಹೆಸರು ತೆಗೆಸಲಿಲ್ಲ. ಅದೇ ವಾರ ಶಾಲೆಯ ಕಮಿಟಿ ಕೂಡಿತು. ಅಪ್ಪನನ್ನೂ ಕರೆದಿದ್ದರು. ನಾನು ಮತ್ತೆ ಅದೇ ಕಟ್ಟೆಯ ಮೇಲೆ. ಒಳಗೆ ಒಬ್ಬ ಸಾಹುಕಾರರ ದೊಡ್ಡ ದನಿ.

"ಕ್ಲಾಸಿನ ಖೋಲಿ ಅನ್ರಿ, ಎರಡು ಕಟ್ಟಿಸಿಕೊಡ್ತೀನಿ. ಇದಕ್ಕ ನಮ್ಮವ್ವನ ಹೆಸರಿನ ಕಲ್ಲು ಹೆಂಗ ಹಾಕಸಲ್ರಿ?"

"ಹೆಸರಿಲ್ಲದಂಗ ಕೊಡ್ರಲ್ಲ" ಎಂದರು ಹೆಡ್‌ಮಾಸ್ತರರು.

"ಹೆಸರಿಲ್ಲದಂಗ ಕೊಟ್ರ ಕೊಟ್ಟಂಗ ಹೆಂಗ ಆಗತೈತಿ?"

"ಹಂಗಾರ ಆ ಹುಡುಗಿ ಹೆಸರ ಕೆತ್ತಸ್ರಿ" ಎಂದರು ಇನ್ನೊಬ್ಬರು. ನಗೆ ಎದ್ದಿತು. ಅಪ್ಪ ಕೆಮ್ಮಿದರು. ಅಂಗಡಿಯಲ್ಲಿ ಉದ್ರಿ ಕೇಳಲು ಬಂದವರ ಮುಂದೆಯೂ ಅಪ್ಪ ಹಾಗೆ ಕೆಮ್ಮಿದವರಲ್ಲ. ನನ್ನ ಕಾರಣಕ್ಕೆ ಅಷ್ಟು ಜನರ ನಡುವೆ ಅವರು ತಲೆ ತಗ್ಗಿಸಿ ಕೂತಿದ್ದಾರೆ ಎಂಬುದು ಮೋರಿಗಿಂತ ಹೆಚ್ಚು ಸುಟ್ಟಿತು.

ಯಾರೂ ಕೊಡಲಿಲ್ಲ. ಲಾಯದ ಒಂದು ತುದಿ ಮಳೆಗೆ ಕುಸಿದಿತ್ತು. ಹೆಡ್‌ಮಾಸ್ತರರು ಅದರ ಕಲ್ಲುಗಳನ್ನೇ ಎತ್ತಿಸಿದರು. ಆಗ ಎಲ್ಲೆಲ್ಲೂ ಶ್ರಮದಾನದ ಮಾತು. ನಮ್ಮ ಕ್ಲಾಸಿನ ಹುಡುಗರೇ ಸಾಲಾಗಿ ನಿಂತು ಕಲ್ಲು ಸಾಗಿಸಿದರು. ನಾನು ಶಾಲೆಗೆ ಹೊಂದಿದ್ದ ಚಾಚಿಯ ಮನೆಯೊಳಗೆ ಕೂತು ಕೇಳಿಸಿಕೊಂಡೆ.

"ಅಕ್ಕನ ಮಹಲ್ ಏಳಾಕತ್ತೈತ್ರಲೇ."

"ಮಿನಾರ ಎಷ್ಟು ಇಡೂನೋ?"

"ಬಾಯಿ ಮುಚ್ಚಿ ಕಲ್ಲು ಎತ್ತಲೇ, ನಿನ್ನ ತಂಗಿನೂ ನಾಳಿ ಬರ್ತಾಳ."

ಮಹಲ್ ಎದ್ದಿತು. ಆದರೆ ಎಲ್ಲಿ ಎದ್ದಿತು! ಲಾಯದ ಹಿಂದೆ ಹುಡುಗರ ಜಾಲಿಗಿಡ, ಪಕ್ಕದಲ್ಲಿ ರಸ್ತೆ, ಎರಡೂ ಕಡೆ ಆಗುವಂತಿರಲಿಲ್ಲ. ತಮ್ಮ ಕಣ್ಣೆದುರಿಗೇ ಇದ್ದರೆ ಯಾರೂ ಕೀಟಲೆ ಮಾಡಲಿಕ್ಕಿಲ್ಲ ಎಂದು ಹೆಡ್‌ಮಾಸ್ತರರು ಅದನ್ನು ಆಟದ ಬಯಲಿನ ಆಚೆ ದಂಡೆಗೆ, ಬಾವುಟದ ಕಂಬದ ಹತ್ತಿರ ಕಟ್ಟಿಸಿದ್ದರು. ಬಾಗಿಲು ಬಯಲಿಗೇ ಮುಖ. ಸಾಲದ್ದಕ್ಕೆ ಪ್ರಾರ್ಥನೆಯ ಹೊತ್ತಿಗೆ ಅಪ್ಪಣೆ ಕೊಟ್ಟರು. "ಅವರು ಆ ಕಡಿ ಹೊಂಟ್ರಂದ್ರ ಎಲ್ಲಾರೂ ಬೆನ್ನು ತಿರುಗಿಸಿ ನಿಲ್ಲಬೇಕು. ತಿಳೀತಿಲ್ಲ?" ಅವರು ಎಂದರೆ ಯಾರೆಂದು ಹೇಳುವ ಅಗತ್ಯವೇ ಇರಲಿಲ್ಲ.

ನಾನು ಬಯಲಿಗೆ ಕಾಲಿಟ್ಟ ಮೊದಲ ದಿನ ಆಟ ನಿಂತಿತು. ಚೆಂಡು ತಾನೇ ಉರುಳಿ ಎಲ್ಲೋ ಹೋಯಿತು, ತರಲು ಯಾರೂ ಹೋಗಲಿಲ್ಲ. ಇಡೀ ಶಾಲೆ ಬೆನ್ನು ತಿರುಗಿಸಿ, ಉಸಿರು ಬಿಗಿಹಿಡಿದು ನಿಂತಿತು, ಯಾವುದೋ ಹೆಣ ದಾಟಿಹೋಗುತ್ತಿರುವ ಹಾಗೆ. ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸಿತು. ಅರ್ಧ ದಾರಿಗೆ ನೀರಿನ ಗಡಿಗೆಯ ಕಡೆ ಬಂದವಳಂತೆ ಹೊರಳಿ, ನೀರನ್ನೂ ಕುಡಿಯದೆ ಕ್ಲಾಸಿಗೆ ಮರಳಿದೆ. ಮತ್ತೆ ಹೋಗಲಿಲ್ಲ. ಒಣರೊಟ್ಟಿ, ಚಟ್ನಿಪುಡಿ ಮತ್ತೆ ಶುರುವಾದವು.

ರಜೆಗೆ ಮಸ್ಕಿಗೆ ಹೋದಾಗ ಅಪ್ಪ ತಕ್ಕಡಿ ತೂಗುತ್ತಲೇ ಕೇಳಿದರು. "ಈಗ ತ್ರಾಸಿಲ್ಲಲ್ಲವ್ವಾ?"

"ಇಲ್ಲಪ್ಪ" ಎಂದೆ. ಅವರ ಮುಖ ಬೆಳಗಿತು.

ಮುಂದಿನ ವರ್ಷ ಸಿಂಧನೂರಿನಿಂದ ಎಂಟನೆಯ ಇಯತ್ತೆಗೆ ಇನ್ನೊಬ್ಬ ಹುಡುಗಿ ಬಂದಳು. ಅವಳ ಅಪ್ಪ ಹೊಸ ಕಾಲುವೆಯ ಕೆಲಸದಲ್ಲಿ ಓವರ್ಸಿಯರ್. ಊರೂರು ತಿರುಗಿ ಬೆಳೆದ ಹುಡುಗಿ, ಗಿಡ್ಡಿ, ಬಾಯಿ ಜೋರು. ಮೊದಲ ದಿನವೇ ಸೂಟಿಯಲ್ಲಿ ನನ್ನ ಚಾಪೆಯ ಮುಂದೆ ಬಂದು ನಿಂತಳು.

"ಅಕ್ಕಾ, ಮಹಲ್ ಎಲ್ಲೈತಿ? ತೋರಸು ಬಾ."

"ನೀ ಹೋಗು. ಅಲ್ಲೇ ಕಾಣತೈತಿ."

"ನೀ ಹೋಗಂಗಿಲ್ಲೇನು?"

"ನನಗ ಬಂದಿಲ್ಲ."

"ಹಂಗಾರ ಬಾಗಿಲಾ ಕಾಯಿ. ಚಿಲಕ ಗಟ್ಟಿ ಇಲ್ಲಂತ."

ಕೈ ಹಿಡಿದು ಎಳೆದುಕೊಂಡೇ ಹೊರಟಳು. ಆಟ ನಿಂತಿತು, ಬೆನ್ನುಗಳು ತಿರುಗಿದವು. ಅವಳು ಒಳಗೆ ಹೋದಳು; ನಾನು ಬಾಗಿಲಿಗೆ ಬೆನ್ನು ಆನಿಸಿ ನಿಂತೆ. ಮುಖ ಬಯಲಿಗೆ ಇತ್ತು, ನೋಡದೆ ದಾರಿಯಿರಲಿಲ್ಲ. ಅಲ್ಲಿಯವರೆಗೆ ನಾನು ಆ ಹುಡುಗರನ್ನು ತಲೆ ಎತ್ತಿ ನೋಡಿದ್ದೇ ಇಲ್ಲ. ಹರಿದ ಅಂಗಿಗಳು, ಬೇರೆ ಬಣ್ಣದ ದಾರದಲ್ಲಿ ಹೊಲಿದವು. ಚಡ್ಡಿಯ ಹಿಂದೆ ತೇಪೆ, ತೇಪೆಯ ಮೇಲೆ ತೇಪೆ. ಮೋರಿಯ ಪಕ್ಕದಿಂದ ಚೀಲ ಎತ್ತಿಕೊಂಡಿದ್ದ ಹುಡುಗ ತನ್ನ ಚಡ್ಡಿಯ ಹರಕಿನ ಮೇಲೆ ಕೈ ಅಡ್ಡ ಹಿಡಿದು ನಿಂತಿದ್ದ. ನಾನು ನೋಡುತ್ತಿರುವುದು ಅವನಿಗೆ ಹೇಗೋ ಗೊತ್ತಾಗಿತ್ತು.

ಚಿಲಕದ ಸಪ್ಪಳವಾಯಿತು. "ಅಕ್ಕಾ, ಒಳಗ ಕುದುರಿ ಕಟ್ಟೂ ಕಡಗ ಐತಿ. ಸೆರಗ ಸಿಗಿಸಬಹುದು. ಹೋಗು, ನಾ ಕಾಯ್ತೀನಿ."

ಹೋದೆ. ಹೊರಗೆ ಅವಳು ಗಟ್ಟಿಯಾಗಿ ರಾಶಿ ಮಾಡುವಾಗ ಕಣದಲ್ಲಿ ಹಾಡುವ ಯಾವುದೋ ಹಂತಿಪದ ಹಾಡತೊಡಗಿದಳು, ಒಳಗಿನ ಸದ್ದು ಯಾರಿಗೂ ಕೇಳಬಾರದೆಂದು. ಬಯಲಿನಲ್ಲಿ ಯಾರೋ ನಕ್ಕರು. ಆಮೇಲೆ ಚೆಂಡಿಗೆ ಯಾರೋ ಒದ್ದ ಸದ್ದು ಕೇಳಿತು.

ಬರುವಾಗ ಗಡಿಗೆಯ ಹತ್ತಿರ ನಿಂತು ಶಾಲೆಯ ನೀರು ಮೊದಲ ಸಲ ಕುಡಿದೆ. ಸುಣ್ಣದ ವಾಸನೆಯಿತ್ತು. ಮ್ಯಾಟ್ರಿಕ್ಕನ್ನೂ ಅಲ್ಲೇ ಮುಗಿಸಿದೆ. ಆ ರಜೆಯಲ್ಲಿ ತ್ರಾಸಿಲ್ಲವೆಂದು ಅಪ್ಪನಿಗೆ ಸುಳ್ಳು ಹೇಳಿದ್ದನ್ನು ಮಾತ್ರ ಯಾವತ್ತೂ ಹೇಳಲಿಲ್ಲ. ಹೇಳಬೇಕಾದರೆ ಮತ್ತೆ ಅದೇ ಮಾತು ಎತ್ತಬೇಕಾಗುತ್ತಿತ್ತು. ಈಗಲೂ ಯಾರದಾದರೂ ಮನೆಗೆ ಹೋದರೆ ಅವರು ಕೊಟ್ಟ ನೀರಿನ ಲೋಟ ಕೈಯಲ್ಲಿ ಹಿಡಿದು, ಕುಡಿಯುವ ಮೊದಲು, ಹಿತ್ತಲ ಬಾಗಿಲು ಎಲ್ಲಿದೆ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ.